ದನದ ಬೇನಿ ಹೋತು, ಕೋಳಿ ಬೇನಿ ಯಾಕ ಉಳೀತು?

ಭಾಗ 1/8 · ಬರೆದಿಡದ ಸಾವು

ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಹಿತ್ತಲದಾಗ ಜವಾರಿ ಕೋಳಿ ಸಾಕಿದ ಯಾವ ಮನಿಗೆ ಹೋಗಿ ಕೇಳಿದ್ರೂ ಒಂದು ಮಾತು ಸಿಗತೈತಿ: "ಬೇನಿ ಬಂದಿತ್ತು, ಎಲ್ಲಾ ಹೋದವು." ಅಷ್ಟೇ. ಯಾವ ವರ್ಷ, ಎಷ್ಟು ಕೋಳಿ, ಯಾವ ಬೇನಿ ಅಂತ ಯಾರೂ ಬರೆದಿಟ್ಟಿರೋದಿಲ್ಲ.

ಆ ಬೇನೆ ಹೆಚ್ಚಾಗಿ ಯಾವುದಿರುತ್ತದೆ ಗೊತ್ತೇನು? ಕನ್ನಡದಲ್ಲಿ ಕೊಕ್ಕರೆ ರೋಗ. ದನದ ದವಾಖಾನಿಯಲ್ಲಿ ರಾಣಿಖೇತ್ ಅಂತಾರೆ. ಹೊರದೇಶದವರು ನ್ಯೂಕ್ಯಾಸಲ್ ಅಂತಾರೆ. ಮೂರೂ ಒಂದೇ ರೋಗ, ಕಾರಣವೂ ಒಂದೇ ವೈರಸ್. ನಿನ್ನೆ ತಿಪ್ಪಿ ಕೆದರ್ತಿದ್ದ ಕೋಳಿ ಇವತ್ತು ರೆಕ್ಕೆ ಜೋತುಬಿಟ್ಟು ತೂಕಡಿಸ್ತದೆ, ಬಾಯಿ ತೆರೆದು ಉಸಿರಾಡ್ತದೆ, ಹಸಿರು ನೀರಿನಂಥ ಹಿಕ್ಕೆ ಹಾಕ್ತದೆ. ಕೆಲವು ಗೋಣು ತಿರುಚಿಕೊಂಡು ಗಿರಗಿರ ಸುತ್ತುತ್ತವೆ. ಲಸಿಕೆ ಕಾಣದ ಹಿಂಡಿನಲ್ಲಿ ನೂರಕ್ಕೆ ತೊಂಬತ್ತು ಸತ್ತರೂ ಆಶ್ಚರ್ಯ ಇಲ್ಲ.

ಈಗ ಇತಿಹಾಸದ ಪ್ರಶ್ನೆ. ದನಗಳಿಗೆ ಬರುತ್ತಿದ್ದ ದೊಡ್ಡರೋಗ ಇಡೀ ಭೂಮಿಯ ಮೇಲಿಂದಲೇ ಹೋಯ್ತು. ಕೋಳಿಯ ಈ ಬೇನೆಗೂ ಲಸಿಕೆ ಬಂದು ಮುಕ್ಕಾಲು ಶತಮಾನ ದಾಟಿತು, ಆದರೆ ಬೇನಿ ಇನ್ನೂ ಹಿತ್ತಲದಾಗ ಐತಿ. ಯಾಕೆ? ಎಂಟು ಕ್ಯಾಪ್ಶನ್‌ಗಳಲ್ಲಿ ಹೇಳ್ತೀನಿ, ಪೂರ್ತಿ ಓದ್ರಿ.

ಭಾಗ 2/8 · ಒಂದು ಗಿರಿಧಾಮದ ಹೆಸರು

ರಾಣಿಖೇತ್ ಅನ್ನೋದು ರೋಗದ ಹೆಸರಾಗುವ ಮೊದಲು ಒಂದು ಊರಿನ ಹೆಸರು. ಈಗಿನ ಉತ್ತರಾಖಂಡದ ಕುಮಾಊ ಬೆಟ್ಟಗಳಲ್ಲಿರುವ ದಂಡಿನ ಊರು, ಬ್ರಿಟಿಷರು ಬೇಸಿಗೆ ಕಳೆಯಲು ಹೋಗುತ್ತಿದ್ದ ತಂಪು ಜಾಗ.

1926ರಲ್ಲಿ ಎರಡು ದೂರದ ಜಾಗಗಳಲ್ಲಿ ಕೋಳಿಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಸಾಯತೊಡಗಿದವು. ಒಂದು ಜಾವಾ ದ್ವೀಪ, ಇನ್ನೊಂದು ಇಂಗ್ಲೆಂಡಿನ ಬಂದರು ಊರು ನ್ಯೂಕ್ಯಾಸಲ್. ಇದು ಹಿಂದೆ ತಿಳಿದಿದ್ದ ಕೋಳಿ ಪ್ಲೇಗ್ ಅಲ್ಲ, ಬೇರೆಯದೇ ವೈರಸ್ ಅಂತ ತೋರಿಸಿದವನು ಡಾಯ್ಲ್ ಎಂಬ ವಿಜ್ಞಾನಿ. 1927ರಲ್ಲಿ ಅದಕ್ಕೆ ನ್ಯೂಕ್ಯಾಸಲ್ ರೋಗ ಅಂತ ಹೆಸರಿಟ್ಟ.

ಅದೇ ವೇಳೆಗೆ ನಮ್ಮ ದೇಶದಲ್ಲಿ ಅದು ರಾಣಿಖೇತಿನ ಕೋಳಿಗಳಲ್ಲಿ ಕಂಡಿತು. ಅಲ್ಲಿಂದ ಸಮೀಪದ ಮುಕ್ತೇಶ್ವರದಲ್ಲಿ ಸರ್ಕಾರದ ಪಶು ಸಂಶೋಧನಾಲಯ ಇತ್ತು. ಅಲ್ಲಿದ್ದ ಎಡ್ವರ್ಡ್ಸ್ ಎಂಬ ಅಧಿಕಾರಿ 1928ರಲ್ಲಿ ಇದನ್ನು ವರದಿ ಮಾಡಿದರು. ಹೀಗೆ ಊರಿನ ಹೆಸರು ರೋಗಕ್ಕೆ ಅಂಟಿಕೊಂಡಿತು.

ಇಲ್ಲಿ ಒಂದು ಸೂಕ್ಷ್ಮ ಗಮನಿಸ್ರಿ. ರಾಣಿಖೇತಿನಲ್ಲಿ ದಾಖಲಾಯಿತು ಅಂದರೆ ರೋಗ ಅಲ್ಲೇ ಹುಟ್ಟಿತು ಅಂತಲ್ಲ. ಹತ್ತಿರದಲ್ಲಿ ಪ್ರಯೋಗಾಲಯ ಇತ್ತು, ಬರೆದಿಡುವವರು ಇದ್ದರು. ನಮ್ಮ ಹಿತ್ತಲದಾಗ ಸತ್ತ ಕೋಳಿಗೆ ಆ ಭಾಗ್ಯ ಇರಲಿಲ್ಲ.

ಭಾಗ 3/8 · ಒಂದೇ ಮನೆ, ಎರಡು ರೋಗ

ಮುಕ್ತೇಶ್ವರದ ಸಂಸ್ಥೆ ಹುಟ್ಟಿದ್ದು ಬೆಟ್ಟದಲ್ಲಲ್ಲ, ನಮಗೆ ಹತ್ತಿರದ ಪುಣೆಯಲ್ಲಿ. 1889ರಲ್ಲಿ ಶುರುವಾಗಿ, 1893ರಲ್ಲಿ ಮುಕ್ತೇಶ್ವರಕ್ಕೆ ಹೋಯ್ತು. ಜನವಸತಿಯಿಂದ ದೂರ, ತಂಪು ಹವೆ. ರೋಗಾಣುಗಳ ಜೊತೆ ಕೆಲಸ ಮಾಡೋಕೆ ಹೇಳಿಮಾಡಿಸಿದ ಜಾಗ. ಅದರ ಮುಖ್ಯ ಗುರಿ ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. ಎತ್ತು ಸತ್ತರೆ ಉಳುಮೆ ನಿಲ್ಲುತ್ತದೆ, ಉಳುಮೆ ನಿಂತರೆ ಕಂದಾಯ ನಿಲ್ಲುತ್ತದೆ. ಸರ್ಕಾರಕ್ಕೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಬೆಂಗಳೂರಿನ ಹೆಬ್ಬಾಳದಲ್ಲೂ ಅದೇ ಕಾರಣಕ್ಕೆ 1925ರಲ್ಲಿ ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಬಂತು. ಆದರೆ ನಮ್ಮ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರಿನಲ್ಲಿ 1948ರ ತನಕ ನವಾಬರ ಆಳ್ವಿಕೆ. ನಾಲ್ಕೂ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ, ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ.

ದೊಡ್ಡರೋಗದ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸಿ ದಾಟಿಸಿ ಮೆತ್ತಗೆ ಮಾಡಿ, ದನಗಳಿಗೆ ಲಸಿಕೆ ಮಾಡಿದವರು ಯಾರು? ಅದೇ ಎಡ್ವರ್ಡ್ಸ್. 1954ರಲ್ಲಿ ದೇಶದಾದ್ಯಂತ ನಿರ್ಮೂಲನ ಕಾರ್ಯಕ್ರಮ ಶುರುವಾಯ್ತು. ಊರೂರಿಗೆ ಹೋಗಿ ದನಗಳಿಗೆ ಚುಚ್ಚಿದರು. 2006ರಲ್ಲಿ ಭಾರತ ಆ ರೋಗದಿಂದ ಮುಕ್ತ ಅಂತ ಮಾನ್ಯತೆ ಸಿಕ್ಕಿತು. 2011ರಲ್ಲಿ ಜಗತ್ತೇ ಮುಕ್ತವಾಯ್ತು.

ಒಂದೇ ಸಂಸ್ಥೆ, ಒಬ್ಬನೇ ವಿಜ್ಞಾನಿ, ಎರಡು ರೋಗ. ಒಂದು ಹೋತು, ಒಂದು ಉಳೀತು.

ಭಾಗ 4/8 · ಲಸಿಕೆ ಇತ್ತು, ಹಿತ್ತಲಕ್ಕೆ ಬರಲಿಲ್ಲ

ಕೋಳಿಗೆ ಲಸಿಕೆ ಮಾಡಲಿಲ್ಲ ಅಂತಲ್ಲ, ಮಾಡಿದರು. ಮುಕ್ತೇಶ್ವರದಲ್ಲೇ ವೈರಸ್ಸನ್ನು ಮರಿ ಬೆಳೆಯುತ್ತಿರುವ ತತ್ತಿಯೊಳಗೆ ಮತ್ತೆ ಮತ್ತೆ ಬೆಳೆಸಿ, ಅದರ ಕಸುವು ತಗ್ಗಿಸಿದರು. ಹ್ಯಾಡೋ ಮತ್ತು ಇದ್ನಾನಿ ಈ ಲಸಿಕೆಯ ಬಗ್ಗೆ 1946ರಲ್ಲಿ ಪ್ರಕಟಿಸಿದರು. ಇವತ್ತಿಗೂ ಎಂಟು ವಾರ ದಾಟಿದ ಕೋಳಿಗೆ ಕೊಡುವ ಆರ್-2-ಬಿ ಲಸಿಕೆ ಆ ಮುಕ್ತೇಶ್ವರ ತಳಿಯದೇ. ಅದು ಎಳೆ ಮರಿಗೆ ಜೋರಾಗುತ್ತದೆ. ಅದಕ್ಕೆ ಮರಿಗಳಿಗೆ ಇನ್ನೂ ಮೆದುವಾದ ಎಫ್ ಮತ್ತು ಲಸೋಟಾ ತಳಿಯ ಹನಿ ಬಂದವು.

ಹಾಗಾದರೆ ತೊಂದರೆ ಎಲ್ಲಿ? ಲೆಕ್ಕ ಹಾಕಿ ನೋಡ್ರಿ. ಲಸಿಕೆ ನೂರು, ಇನ್ನೂರು, ಐನೂರು, ಸಾವಿರ ಡೋಸಿನ ಬಾಟಲಿಯಲ್ಲಿ ಬರುತ್ತದೆ. ತಯಾರಾದ ಜಾಗದಿಂದ ಕೋಳಿಯ ಕಣ್ಣಿನ ತನಕ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ನೀರು ಕಲೆಸಿದ ಮೇಲೆ ಸುಮಾರು ಎರಡು ತಾಸಿನೊಳಗೆ ಮುಗಿಸಬೇಕು. ಮನೆಯಲ್ಲಿರೋದು ಹನ್ನೆರಡು ಕೋಳಿ. ಮೂರು ಹ್ಯಾಟಿ, ಒಂದು ಹುಂಜ, ಉಳಿದವು ಮರಿ. ಮರಿಗಳೂ ಒಂದೇ ವಯಸ್ಸಿನವಲ್ಲ.

ಐದು ಸಾವಿರ ಕೋಳಿಯ ಶೆಡ್ಡಿಗೆ ಈ ಬಾಟಲಿ ಸರಿಹೊಂದುತ್ತದೆ. ಅಲ್ಲಿ ಎಲ್ಲ ಮರಿ ಒಂದೇ ದಿನ ಬರುತ್ತವೆ, ಒಂದೇ ದಿನ ಲಸಿಕೆ ಆಗುತ್ತದೆ. ಒಬ್ಬ ಅವ್ವ ಹನ್ನೆರಡು ಕೋಳಿಗೆ ಅಂತ ಬಸ್ಸು ಹತ್ತಿ, ಐಸ್ ಹಾಕಿಸ್ಕೊಂಡು, ನೂರು ಡೋಸ್ ತಂದು ಎಂಬತ್ತೆಂಟು ಚೆಲ್ಲಬೇಕೇನು? ಹೊತ್ತು ಮೀರಿದರೆ ಆ ಹನ್ನೆರಡಕ್ಕೂ ಉಪಯೋಗ ಇಲ್ಲ.

ಭಾಗ 5/8 · ಕೋಳಿ ಯಾರದು?

ಎತ್ತಿಗೆ ಹೊಲದ ಸಂಬಂಧ ಇತ್ತು, ಹೊಲಕ್ಕೆ ಉತಾರ ಇತ್ತು, ಉತಾರದಲ್ಲಿ ಗಂಡಸಿನ ಹೆಸರು ಇತ್ತು. ಹಿತ್ತಲ ಕೋಳಿ ಹೆಚ್ಚಾಗಿ ಹೆಂಗಸರದು. ತತ್ತಿ ಮಾರಿದ ದುಡ್ಡು ಅವರ ಸೆರಗಿನ ಗಂಟಿಗೆ ಹೋಗುತ್ತದೆ. ಮಕ್ಕಳ ನೋಟ್‌ಬುಕ್ಕು, ಬಸ್ಸಿನ ಚಾರ್ಜು, ಬೀಗರು ಬಂದರೆ ಸಾರು, ಊರಮ್ಮನ ಹರಕೆ, ಕಷ್ಟ ಬಂದಾಗ ಒಂದು ಹುಂಜ ಮಾರಿ ಔಷಧಿ. ಬ್ಯಾಂಕಿಗೆ ಹೋಗದೆ, ಯಾರನ್ನೂ ಕೇಳದೆ, ತಾವೇ ತೆಗೆದು ಖರ್ಚು ಮಾಡಬಹುದಾದ ಉಳಿತಾಯ ಅದು. ಕೊಕ್ಕರೆ ರೋಗ ಬಂದರೆ ಆ ಉಳಿತಾಯ ಒಂದು ವಾರದಲ್ಲಿ ಖಾಲಿ.

ಇದು ಸಣ್ಣ ಸಂಗತಿ ಅಂತೀರೇನು? 2019ರ ಜಾನುವಾರು ಗಣತಿ ನೋಡ್ರಿ. ದೇಶದಲ್ಲಿ ಕೋಳಿ ಮತ್ತಿತರ ಸಾಕುಹಕ್ಕಿ ಒಟ್ಟು 85 ಕೋಟಿ. ಅದರಲ್ಲಿ ಹಿತ್ತಲದವು 31 ಕೋಟಿಗೂ ಹೆಚ್ಚು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಗೋವಿನಜೋಳ ಎಲ್ಲಿಗೆ ಹೋಗುತ್ತದೆ ಅಂತ ಎಪಿಎಂಸಿಯಲ್ಲಿ ಕೇಳ್ರಿ. ದೊಡ್ಡ ಪಾಲು ಕೋಳಿ ಆಹಾರಕ್ಕೆ. ಅಂದರೆ ನಾವು ಬೆಳೆದ ಕಾಳು ತಿನ್ನುವ ಶೆಡ್ಡಿನ ಕೋಳಿಗೆ ವೇಳೆಗೆ ಸರಿಯಾಗಿ ಲಸಿಕೆ ಸಿಗುತ್ತದೆ. ಅದೇ ಹೊಲದ ಉದುರುಕಾಳು ಆಯ್ದು ತಿನ್ನುವ ಹಿತ್ತಲದ ಕೋಳಿಗೆ ಸಿಗೋದಿಲ್ಲ.

ಭಾಗ 6/8 · ವೈರಸ್ಸಿನ ಪಾಲೂ ಇದೆ

ಎಲ್ಲ ತಪ್ಪನ್ನೂ ಸರ್ಕಾರದ ಮೇಲೆ ಹಾಕಿದರೆ ಇತಿಹಾಸ ಆಗಲ್ಲ, ಬೈಗುಳ ಆಗ್ತದೆ. ಎರಡು ರೋಗಗಳ ಸ್ವಭಾವವೂ ಬೇರೆ. ದೊಡ್ಡರೋಗದ ಲಸಿಕೆ ಒಮ್ಮೆ ಚೆನ್ನಾಗಿ ಹತ್ತಿದರೆ ದನಕ್ಕೆ ವರ್ಷಾನುಗಟ್ಟಲೆ ರಕ್ಷಣೆ. ಕೊಕ್ಕರೆ ರೋಗದ ಲಸಿಕೆಯನ್ನು ಮತ್ತೆ ಮತ್ತೆ ಕೊಡಬೇಕು. ಜೊತೆಗೆ ಹಿತ್ತಲದಾಗ ಪ್ರತಿ ಕೆಲವು ತಿಂಗಳಿಗೆ ಹೊಸ ಮರಿ ಏಳುತ್ತವೆ. ಪಾರಿವಾಳ, ಕಾಡುಹಕ್ಕಿಗಳಲ್ಲೂ ಈ ವೈರಸ್ ಇರುತ್ತದೆ. ಬೇರುಸಹಿತ ಕೀಳೋದು ಕಷ್ಟ.

ಆದರೆ ಹಳ್ಳಿಯ ಕೋಳಿಯನ್ನೇ ಮುಂದಿಟ್ಟುಕೊಂಡು ಯೋಚಿಸಿದರೆ ಏನಾಗುತ್ತದೆ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸ್ಪ್ರಾಡ್‌ಬ್ರೋ ಎಂಬ ವಿಜ್ಞಾನಿಯ ತಂಡ ಬಿಸಿಲು ತಡೆಯುವ ಐ-2 ಎಂಬ ಲಸಿಕೆ ತಳಿ ಬೆಳೆಸಿತು. ಫ್ರಿಜ್ ಇಲ್ಲದ ಊರಿಗೂ ಒಯ್ಯಬಹುದಾದ ಲಸಿಕೆ. ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಊರಿನವರನ್ನೇ, ಅವರಲ್ಲಿ ಹೆಂಗಸರನ್ನೂ, ತರಬೇತಿ ಕೊಟ್ಟು ಲಸಿಕೆ ಹಾಕುವವರನ್ನಾಗಿ ಮಾಡಿದರು. ನಾಲ್ಕು ತಿಂಗಳಿಗೊಮ್ಮೆ ಇಡೀ ಊರಿಗೆ ಒಂದೇ ಸಲ, ಕೋಳಿಯ ಕಣ್ಣಿಗೆ ಒಂದು ಹನಿ, ಒಂದು ಕೋಳಿಗೆ ಸಣ್ಣ ಮೊತ್ತ.

ಅಲ್ಲಿ ಲಸಿಕೆಯ ಜೊತೆಗೆ ಇನ್ನೊಂದು ಬದಲಾಯ್ತು: ಲೆಕ್ಕದ ಘಟಕ. ಒಂದು ಮನೆಯ ಹನ್ನೆರಡು ಕೋಳಿ ಅಂತ ಎಣಿಸದೆ, ಒಂದು ಊರಿನ ಕೋಳಿ ಅಂತ ಎಣಿಸಿದರು.

ಭಾಗ 7/8 · ನಮ್ಮ ಓಣಿಯಲ್ಲಿ ಮಾಡಬಹುದಾದ್ದು (ಸೇವ್ ಮಾಡ್ಕೊಳ್ರಿ)

ಬೇನೆ ಬರುವ ಮೊದಲು:
• ಓಣಿಯ ಹತ್ತು ಮನೆ ಸೇರಿ ಒಂದು ಬಾಟಲಿ. ಮಹಿಳಾ ಸಂಘದ ಮೀಟಿಂಗಿನಲ್ಲಿ ಕೋಳಿ ಎಣಿಸಿ ಪಟ್ಟಿ ಮಾಡಿ, ದನದ ದವಾಖಾನಿಗೆ ಒಟ್ಟಿಗೆ ಹೋಗ್ರಿ. ನಿಮ್ಮೂರಲ್ಲಿ ಪಶು ಸಖಿ ಇದ್ದರೆ ಅವರನ್ನೂ ಕರೀರಿ.
• ಮರಿಗೆ 5ರಿಂದ 7ನೇ ದಿನಕ್ಕೆ ಕಣ್ಣಿಗೋ ಮೂಗಿಗೋ ಒಂದು ಹನಿ, ಸುಮಾರು ನಾಲ್ಕು ವಾರಕ್ಕೆ ಮತ್ತೊಮ್ಮೆ, ಎಂಟು ವಾರದ ಹೊತ್ತಿಗೆ ಆರ್-2-ಬಿ ಇಂಜೆಕ್ಷನ್. ಮುಂದಿನದು ಯಾವಾಗ ಅಂತ ಡಾಕ್ಟರನ್ನು ಕೇಳಿ ಕ್ಯಾಲೆಂಡರಿನ ಮೇಲೆ ಬರೀರಿ.
• ಐಸ್ ಹಾಕಿದ ಥರ್ಮಾಸ್ ಇಲ್ಲದೆ ಲಸಿಕೆ ತರಬೇಡ್ರಿ. ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಕೋಳಿ ಬುಟ್ಟಿಯಿಂದ ಬಿಡುವ ಮೊದಲೇ ಹಾಕ್ರಿ.
• ಸಂತಿಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆ ಬುಟ್ಟಿಯಲ್ಲಿಡ್ರಿ.

ಬೇನೆ ಬಂದ ಮೇಲೆ:
• ಇದಕ್ಕೆ ಔಷಧಿ ಇಲ್ಲ. ಆ್ಯಂಟಿಬಯೋಟಿಕ್ ವೈರಸ್ಸನ್ನು ಕೊಲ್ಲೋದಿಲ್ಲ. ದುಡ್ಡು ಹಾಳು ಮಾಡಬೇಡ್ರಿ.
• ಹುಷಾರಿಲ್ಲದವನ್ನು ಬೇರೆ ಮಾಡ್ರಿ. ನೀರಿನ ಬಟ್ಟಲು ಬೇರೆ ಇಡ್ರಿ. ಅವನ್ನು ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡ್ರಿ. ಈ ವೈರಸ್ಸಿನಿಂದ ಮನುಷ್ಯರಿಗೆ ಕಣ್ಣು ಕೆಂಪಾಗುವುದುಂಟು.
• ಸತ್ತವನ್ನು ಹಳ್ಳಕ್ಕೆ, ತಿಪ್ಪಿಗೆ, ನಾಯಿಗೆ ಎಸೀಬೇಡ್ರಿ. ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳ್ರಿ.

ಭಾಗ 8/8 · ಸಂತಿಗೆ ಒಯ್ಯುವ ಮೊದಲು

ಬೇನಿ ಕಂಡ ಕೂಡಲೇ ಬಹಳ ಮಂದಿ ಉಳಿದ ಕೋಳಿಗಳನ್ನು ಬುಟ್ಟಿಗೆ ತುಂಬಿ ಸಂತಿಗೆ ಒಯ್ತಾರೆ. ಸಾಯೋ ಮೊದಲು ನಾಲ್ಕು ಕಾಸು ಬರಲಿ ಅಂತ. ಅವರನ್ನು ಬೈಯೋದು ಸುಲಭ. ಪರಿಹಾರ ಇಲ್ಲದ, ಲಸಿಕೆ ಸಿಗದ ಹೆಣ್ಣುಮಗಳಿಗೆ ಬೇರೆ ದಾರಿ ಏನಿತ್ತು ಅಂತ ಕೇಳೋದು ಕಷ್ಟ. ಆದರೆ ವೈರಸ್ಸಿಗೆ ಬಡತನ ಗೊತ್ತಿಲ್ಲ. ಮೇಲೆ ಚೆನ್ನಾಗಿ ಕಾಣುವ ಕೋಳಿಯ ಒಳಗೂ ಅದು ಇರಬಹುದು. ಸೋಂಕಿನಿಂದ ಲಕ್ಷಣಕ್ಕೆ ಸಾಮಾನ್ಯವಾಗಿ ಐದಾರು ದಿನ ಬೇಕು. ಅಷ್ಟರಲ್ಲಿ ಆ ಕೋಳಿ ಇನ್ನೊಂದು ಊರಿನ ಇನ್ನೊಬ್ಬ ಅವ್ವನ ಹಿತ್ತಲದಾಗ ಇರುತ್ತದೆ.

ಇನ್ನೊಂದು ಕಾರಣವೂ ಇದೆ. ಹಕ್ಕಿಜ್ವರದ ಲಕ್ಷಣ ಮೇಲ್ನೋಟಕ್ಕೆ ಇದರಂತೆಯೇ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದಲ್ಲೇ ಮೊದಲು ಕಂಡಿತು. 2020ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಕಂಡಿತು. ಎರಡರಲ್ಲಿ ಯಾವುದು ಅಂತ ಕಣ್ಣಿಂದ ಹೇಳೋಕಾಗಲ್ಲ, ಲ್ಯಾಬ್ ಬೇಕು. ಅದಕ್ಕೆ ಓಣಿಯಲ್ಲಿ ಒಮ್ಮೆಲೇ ಬಹಳ ಕೋಳಿ ಸತ್ತರೆ ಅದೇ ದಿನ ದನದ ದವಾಖಾನಿಗೆ ತಿಳಿಸ್ರಿ.

ಈಗ ನಿಮಗೊಂದು ಕೆಲಸ. ಈ ಭಾನುವಾರ ನಿಮ್ಮ ಅವ್ವನನ್ನೋ ಆಯಿಯನ್ನೋ ಕೂರಿಸಿಕೊಂಡು ಕೇಳ್ರಿ: ನಮ್ಮನಿ ಕೋಳಿ ಬೇನಿಯಿಂದ ಯಾವಾಗ ಹೋದವು? ಎಷ್ಟಿದ್ದವು, ಎಷ್ಟು ಉಳಿದವು? ಆ ದುಡ್ಡಿನಲ್ಲಿ ಏನು ಮಾಡಬೇಕಂತ ಇದ್ದಿರಿ? ವರ್ಷ ನೆನಪಿಲ್ಲ ಅಂದರೆ ಯಾರ ಮದುವೆ, ಯಾವ ಜಾತ್ರೆ, ಯಾವ ಮಳೆಗಾಲದ ಹೊತ್ತು ಅಂತ ಕೇಳ್ರಿ. ಊರು ಮತ್ತು ತಾಲ್ಲೂಕಿನ ಹೆಸರಷ್ಟೇ ಹಾಕಿ ಕಾಮೆಂಟಿನಲ್ಲಿ ಬರೀರಿ, ಮನೆಯವರ ಹೆಸರು ಬೇಡ. ಬಂದದ್ದನ್ನೆಲ್ಲ ತಾಲ್ಲೂಕಿನ ಪ್ರಕಾರ ಜೋಡಿಸಿ ಇದೇ ಪುಟದಲ್ಲಿ ಹಾಕ್ತೀನಿ. ಎತ್ತಿನ ಲೆಕ್ಕ ಸರ್ಕಾರ ಇಟ್ಟಿತ್ತು. ಕೋಳಿ ಲೆಕ್ಕ ನಾವು ಇಡೋಣ.

#ಹಾನಗಲ್ಲ #ಶಿಗ್ಗಾಂವಿ #ಸವಣೂರು #ಹಿರೇಕೆರೂರು #ಜವಾರಿಕೋಳಿ #ಕೊಕ್ಕರೆರೋಗ #ನಮ್ಮೂರಇತಿಹಾಸ