ಕರಡಿಗೆಯೂ ಅಕ್ಕಸಾಲೆಯ ಸುತ್ತಿಗೆಯೂ

ಇಷ್ಟಲಿಂಗಧಾರಿಯಾದ ಭಕ್ತನ ಎದೆಯ ಮೇಲೆ ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಯು ಸರ್ವರಿಗೂ ಪರಿಚಿತವಾದ ವಸ್ತುವು. ಗುಂಡಗಡಿಗೆ, ಸಜ್ಜೆ ಮೊದಲಾದ ಹೆಸರುಗಳೂ ಈ ಬಗೆಯ ಲಿಂಗದ ಮನೆಗಳಿಗೆ ಉಂಟು. ಒಳಗಿರುವ ಲಿಂಗದ ಮಹಿಮೆಯನ್ನು ಸಾರುವ ಗ್ರಂಥಗಳು ಬಹಳವಾಗಿವೆ. ಆದರೆ ಹೊರಗಿನ ಆ ಬೆಳ್ಳಿಯ ಮನೆಯನ್ನು ಕಟ್ಟುವ ಕೈ ತನ್ನ ವಿದ್ಯೆಯನ್ನು ಎಂತು ಕಲಿಯಿತೆಂಬುದನ್ನು ಗ್ರಂಥಗಳಲ್ಲಿ ಅರಸಿದರೆ ಅರ್ಧವೇ ದೊರೆಯುವುದು. ಉಳಿದರ್ಧವನ್ನು ಅಕ್ಕಸಾಲಿಗನ ಒಲೆಯ ಮುಂದೆ ಅರಸಬೇಕು.

ಅಕ್ಕಸಾಲೆ ಎಂಬ ಮಾತಿಗೆ ಮೂಲವೆಂದು ಪಂಡಿತರು ತೋರಿಸುವ ಅಕ್ಷಶಾಲಾ ಶಬ್ದವು, 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟಿತವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾಣುತ್ತದೆ. ಕಲ್ಮಷವುಳ್ಳ ಬೆಳ್ಳಿಯನ್ನು ಅದರ ನಾಲ್ಕನೆಯ ಒಂದು ಭಾಗ ಸೀಸವನ್ನು ಬೆರೆಸಿ ಶೋಧಿಸಬೇಕೆಂದೂ, ಶುದ್ಧವಾದ ಬೆಳ್ಳಿಗೆ ಮೊಸರಿನ ಬಣ್ಣವಿರುವುದೆಂದೂ ಅಲ್ಲಿ ಹೇಳಲ್ಪಟ್ಟಿದೆ. ಗಟ್ಟಿಯ ಕೆಲಸ, ಪೊಳ್ಳಿನ ಕೆಲಸ ಎಂಬ ವಿಭಾಗವೂ, ಅಕ್ಕಸಾಲಿಗರು ಮಾಡಬಹುದಾದ ವಂಚನೆಗಳ ವಿವರವೂ ಅಲ್ಲಿವೆ. ಕರಡಿಗೆಯು ಪೊಳ್ಳಿನ ಕೆಲಸಕ್ಕೆ ಸೇರಿದುದು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಕ್ರಿ. ಶ. 1126–1138) ರಚಿಸಿದ ಮಾನಸೋಲ್ಲಾಸದಲ್ಲಿ ಒಡವೆಗಳ ವರ್ಣನೆಯಿದೆ, ಮೇಣದ ರೂಪದಿಂದ ಪ್ರತಿಮೆಗಳನ್ನು ಎರಕ ಹೊಯ್ಯುವ ಕ್ರಮವೂ ಇದೆ. ಮೇಣದ ತೂಕದ ಹನ್ನೆರಡರಷ್ಟು ಬೆಳ್ಳಿ ಬೇಕೆಂದು ಅಲ್ಲಿಯ ಲೆಕ್ಕ. ಎರಕಕ್ಕೆ ಹೀಗೆ ಲೆಕ್ಕವುಂಟು. ಬಡಿತಕ್ಕೆ ಅಂತಹ ಲೆಕ್ಕವಿಲ್ಲ. ಅದೇ ಕಲ್ಯಾಣಕ್ಕೆ ಮುಂದೆ ಬಂದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನು ಮೊದಲು ಅಕ್ಕಸಾಲಿಗನಾಗಿದ್ದನೆಂದು ಪರಂಪರೆಯು ಹೇಳುತ್ತದೆ.

ಬಡಿತದ ವಿದ್ಯೆಯು ಕಣ್ಣು, ಕಿವಿ, ಮಣಿಕಟ್ಟು ಇವುಗಳಿಂದಲೇ ಸಾಧ್ಯವಾದುದು. ಶಿಷ್ಯನು ಮೊದಲು ಸುತ್ತಿಗೆಯ ಮುಖವನ್ನು ಕನ್ನಡಿಯಂತೆ ಉಜ್ಜಲು ಕಲಿಯಬೇಕು. ಅದರಲ್ಲಿ ಒಂದು ಗೀರಿದ್ದರೂ ಪ್ರತಿಯೊಂದು ಪೆಟ್ಟಿಗೂ ಆ ಗೀರು ಬೆಳ್ಳಿಯ ಮೇಲೆ ಮೂಡುವುದು. ಬಳಿಕ ಒಲೆಯನ್ನು ನೋಡುವುದನ್ನು ಕಲಿಯಬೇಕು. ಶುದ್ಧ ಬೆಳ್ಳಿಯು 962 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ಮೆದುವಾಗಲು ಸುಮಾರು 600 ಡಿಗ್ರಿ ಸಾಕು. ಆಗ ಅದು ಮಬ್ಬುಗೆಂಪಾಗಿ ಹೊಳೆಯುವುದು. ಆ ಕೆಂಪು ಬಿಸಿಲಿನಲ್ಲಿ ಕಾಣದಾದುದರಿಂದ ಕಾಸುವ ಒಲೆಯು ನೆರಳಿನಲ್ಲಿರಬೇಕು.

ಹೀಗೆ ಕಾಸಿದ ತಗಡನ್ನು ಮರದ ತಗ್ಗಿನಲ್ಲಿಟ್ಟು ಸುತ್ತುಸುತ್ತಾಗಿ ಬಡಿದರೆ ಅದು ಬಟ್ಟಲಾಗುವುದು. ಒಂದೇ ಎಡೆಯಲ್ಲಿ ಹೆಚ್ಚು ಪೆಟ್ಟು ಬಿದ್ದರೆ ಅಲ್ಲಿ ತೆಳುವಾಗುವುದು. ಬಡಿದಂತೆಲ್ಲ ಲೋಹವು ಗಡುಸಾಗುವುದು. ಮೊದಲು ಮಂದವಾಗಿದ್ದ ಸದ್ದು ಕ್ರಮೇಣ ಕಣಕಣಿಸತೊಡಗುವುದು. ಆ ನಾದವನ್ನು ಕೇಳಿ ಸುತ್ತಿಗೆಯನ್ನು ಕೆಳಗಿಟ್ಟು ಮತ್ತೆ ಕಾಸುವವನೇ ಕೆಲಸ ಬಲ್ಲವನು. ಕೇಳದೆ ಬಡಿದವನ ಬಟ್ಟಲು ಅಂಚಿನಲ್ಲಿ ಸೀಳುವುದು. ಎಷ್ಟು ಬಡಿಯಬೇಕೆಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕೆಂಬುದೇ ಈ ವಿದ್ಯೆಯ ಸಾರವು. ಬಟ್ಟಲು ಸಿದ್ಧವಾದ ಮೇಲೆ ಬಿಳಿಗಾರವನ್ನು ಹಚ್ಚಿ, ಬೆಳ್ಳಿಗಿಂತ ಮೊದಲೇ ಕರಗುವ ಬೆಸುಗೆಯಿಂದ ಶಿವದಾರದ ಕಿವಿಗಳನ್ನು ಕೂಡಿಸುವರು. ಅರಗನ್ನು ತುಂಬಿ ಉಳಿಯಿಂದ ಚಿತ್ರವನ್ನು ಎಬ್ಬಿಸುವರು. ಕಾಸಿದಾಗ ತಾಮ್ರದ ಬೆರಕೆಯಿಂದ ಹುಟ್ಟುವ ಕಪ್ಪನ್ನು ಹುಣಿಸೆಯ ಹುಳಿಯು ತೆಗೆಯುವುದು. ಈ ಕಾಸುವಿಕೆ ತೊಳೆಯುವಿಕೆಗಳು ಮರಳಿ ಮರಳಿ ನಡೆದಂತೆ ಮೇಲ್ಮೈಯಲ್ಲಿ ತಾಮ್ರವು ಕಡಿಮೆಯಾಗಿ, ಕೌಟಿಲ್ಯನು ಹೇಳಿದ ಆ ಮೊಸರಿನ ಬಣ್ಣವು ಏರುವುದು.

ಇನ್ನು ಬೆಳ್ಳಿ ಬಂದ ದಾರಿ. ಬೆಳ್ಳಿಯ ರೂಪಾಯಿಗಳನ್ನೇ ಮೂಸೆಯಲ್ಲಿ ಕರಗಿಸಿ ಒಡವೆ ಮಾಡಿಸುವ ವಾಡಿಕೆಯು ಈ ದೇಶದಲ್ಲಿ ವ್ಯಾಪಕವಾಗಿತ್ತು. 1835ರಲ್ಲಿ ಏಕರೂಪವಾದ ಕಂಪನಿಯ ರೂಪಾಯಿಯು 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ ತೂಗುತ್ತಿತ್ತು. ಅದರಲ್ಲಿ 165 ಗ್ರೇನ್ ಶುದ್ಧ ಬೆಳ್ಳಿ. ಹತ್ತು ರೂಪಾಯಿ ಕೊಟ್ಟವನು ಹತ್ತು ತೊಲದ ಲೆಕ್ಕವನ್ನು ತಾನೇ ಹಿಡಿಯಬಹುದಾಗಿತ್ತು. ನಾಣ್ಯವೇ ಲೋಹವೂ ತೂಕದ ಕಲ್ಲೂ ಆಗಿದ್ದಿತು. ಒಂದು ಶತಮಾನಕ್ಕೂ ಮಿಕ್ಕಿ ಈ ಪ್ರಮಾಣವು ಬದಲಾಗದಿದ್ದುದರಿಂದ, ತಂದೆಯ ಕೈ ಅರಿತ ಲೋಹವನ್ನೇ ಮಗನ ಕೈಯೂ ಅರಿಯುವಂತಾಯಿತು. 1940ರಲ್ಲಿ ರೂಪಾಯಿಯ ಬೆಳ್ಳಿಯು ಅರ್ಧಕ್ಕೆ ಇಳಿಯಿತು. 1947ರಲ್ಲಿ ನಿಕ್ಕಲಿನ ರೂಪಾಯಿ ಬಂದಿತು. ಜನರ ಗಂಟಿಗೂ ಅಕ್ಕಸಾಲೆಯ ಮೂಸೆಗೂ ಇದ್ದ ನೇರವಾದ ದಾರಿಯು ಹೀಗೆ ಮುಚ್ಚಿತು.

ಈಗ ಯಂತ್ರದ ಅಚ್ಚು ಒಂದೇ ಒತ್ತಿಗೆ ಬಟ್ಟಲನ್ನು ಕೊಡಬಲ್ಲದು. ಅಗ್ಗವಾದ ಕರಡಿಗೆಯು ಬಡವನಿಗೂ ದೊರೆಯುವುದು ಸಂತೋಷದ ವಿಷಯವೇ, ಅದನ್ನು ಹಳಿಯಲಾಗದು. ಆದರೆ ಅಚ್ಚಿಗೆ ಶಿಷ್ಯನಿಲ್ಲ. ಅಜ್ಜನ ಕರಡಿಗೆಯ ಕಿವಿ ಸವೆದಾಗ, ಹಳೆಯ ಬೆಸುಗೆ ಬಿಟ್ಟಾಗ, ಅದನ್ನು ಸರಿಪಡಿಸಲು ಸುತ್ತಿಗೆಯ ನಾದವನ್ನು ಅರಿತ ಕೈಯೇ ಬೇಕು. ಆ ಕೈ ಒಂದು ತಲೆಮಾರಿನಲ್ಲಿ ಕಲಿಯದಿದ್ದರೆ ಮುಂದಿನ ತಲೆಮಾರಿಗೆ ಕಲಿಸುವವರಿರರು. ಲಿಂಗಧಾರಣೆಯ ಶುಭಸಮಯದಲ್ಲಿ ಕರಡಿಗೆಯನ್ನು ಮಾಡಿಸುವ ಅನುಕೂಲಸ್ಥರು, ಮಗನನ್ನೋ ಶಿಷ್ಯನನ್ನೋ ಬಳಿಯಲ್ಲಿರಿಸಿಕೊಂಡು ಕಲಿಸುತ್ತಿರುವ ಅಕ್ಕಸಾಲಿಗನನ್ನು ಅರಸಿ ಅವನಿಗೆ ಆ ಕೆಲಸವನ್ನು ಒಪ್ಪಿಸುವುದು ಉಚಿತವು.