ಧ್ರುವ: ತನ್ನ ಗಾಳಿ ತನ್ನ ಮೈಮೇಲೆ

ತಲೆ ಎತ್ತಿ ನೋಡಿ: ನಾಲ್ಕು ಬ್ಲೇಡು, 13.2 ಮೀಟರ್ ವ್ಯಾಸದ ರೋಟರ್. ಬೆಂಗಳೂರಿನ ಎಚ್‌ಎಎಲ್‌ನ ಈ ಹೆಲಿಕಾಪ್ಟರ್ ಮೊದಲು ಹಾರಿದ್ದು 1992ರಲ್ಲಿ.

ನಿಂತಲ್ಲೇ ತೇಲುವಾಗ ರೋಟರ್ ಕೆಳಕ್ಕೆ ತಳ್ಳಿದ ಗಾಳಿ ಬಡಿಯುವುದು ಹೆಲಿಕಾಪ್ಟರಿನ ಬೆನ್ನಿಗೇ. ಹಾಗಾಗಿ ರೋಟರ್ ತೂಕದ ಜೊತೆಗೆ ಆ ಒತ್ತಡವನ್ನೂ ಹೊರಬೇಕು. ಮುಂದೆ ಸಾಗತೊಡಗಿದರೆ ಅದೇ ಗಾಳಿ ಹಿಂದಕ್ಕೆ ವಾಲಿ, ಬಾಲದ ಅಡ್ಡರೆಕ್ಕೆಯನ್ನು ಅದುಮುತ್ತದೆ, ಮೂಗು ಮೇಲೇಳುತ್ತದೆ. ಇದನ್ನು ಲೆಕ್ಕ ಹಾಕಿ ಹಿಡಿಯುವುದು ಕಷ್ಟ, ಹಾರಿಸಿಯೇ ತಿಳಿಯಬೇಕು. 1975ರಲ್ಲಿ ಹಾರಿದ ಅಮೆರಿಕದ ಅಪಾಚೆ ಹೆಲಿಕಾಪ್ಟರಿನ ಮೂಲಮಾದರಿಯಲ್ಲಿ ಬಾಲದ ಮೇಲ್ತುದಿಯಲ್ಲಿದ್ದ ಅಡ್ಡರೆಕ್ಕೆ, ಈ ಕಾಟದಿಂದಾಗಿ ಕೆಳಗಿಳಿಯಿತು.

ರೋಟರಿನ ಕಾಟ ಗಾಳಿಯಷ್ಟೇ ಅಲ್ಲ: ಧ್ರುವದ ಬ್ಲೇಡುಗಳು ಪ್ರತಿ ಸುತ್ತಿಗೂ ನಾಲ್ಕು ಬಾರಿ ಮೈಯನ್ನು ನಡುಗಿಸುತ್ತವೆ. ಆ ನಡುಕ ತಗ್ಗಿಸುವ ಸಾಧನಗಳು ಗೇರ್‌ಬಾಕ್ಸ್ ಮತ್ತು ಒಡಲಿನ ನಡುವೆ ಇವೆ, ಹೊರಗಿನಿಂದ ಕಾಣುವುದಿಲ್ಲ.