ನಮ್ಮ ಸೀಮೆಯ ಚಳಿಗಾಲ: ಕುರಿ, ಕೋಳಿ, ಕಂಬಳಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಶಿಲಾಶಾಸನಗಳಿಂದ ಆರಂಭಿಸುತ್ತಾರೆ. ಸೊನ್ನಲಿಗೆಯ ಸಿದ್ಧರಾಮನನ್ನು ನೆನೆದು, ಜತ್ತ ಮತ್ತು ಅಕ್ಕಲಕೋಟೆ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡುದನ್ನೂ 1956ರ ರಾಜ್ಯ ಪುನರ್ವಿಂಗಡಣೆಯನ್ನೂ 1967ರ ಮಹಾಜನ ವರದಿಯನ್ನೂ ಹೇಳಿ ಮುಗಿಸುತ್ತಾರೆ. ಇವೆಲ್ಲ ಹೇಳಬೇಕಾದ ಸಂಗತಿಗಳೇ. ಆದರೆ ಮಾರ್ಗಶಿರ, ಪುಷ್ಯ ಮಾಸಗಳ ಕೊರೆವ ಇರುಳಿನಲ್ಲಿ ನಮ್ಮ ಹಿರಿಯರು ಏನನ್ನು ಹೊದ್ದು ಮಲಗಿದರು, ಅದನ್ನು ನೂತವರು ಯಾರು, ನೇಯ್ದವರು ಯಾರು, ಹಟ್ಟಿಯ ಬಾಗಿಲಲ್ಲಿ ಕಾವಲಿದ್ದ ನಾಯಿ ಯಾವುದು, ಹಿತ್ತಲಿನ ಹೇಂಟೆ ಯಾವ ತಿಂಗಳಲ್ಲಿ ಕಾವಿಗೆ ಕೂರುತ್ತಿತ್ತು ಎಂಬುದೂ ಚರಿತ್ರೆಯೇ. ಕಚೇರಿಯ ಕಾಗದವೆಲ್ಲ ಮೋಡಿ ಲಿಪಿಯ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದ ಕಾಲದಲ್ಲಿ ನಮ್ಮ ನುಡಿ ಹಟ್ಟಿ, ಹಿತ್ತಲು, ಒಲೆಯ ಬದಿಗಳಲ್ಲಿ ಬದುಕಿತ್ತು. ಆದುದರಿಂದ ಈ ಬಾರಿ ಅತ್ತ ಕಡೆ ನೋಡೋಣವೆಂದು ನಮ್ಮ ಅಪೇಕ್ಷೆ.

ನಮ್ಮ ಬಯಲುಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಹಗಲೆಲ್ಲ ಬಿಸಿಲು, ಸೂರ್ಯ ಮುಳುಗಿದೊಡನೆ ಎರೆಭೂಮಿಯ ಮೇಲಿಂದ ತಣ್ಣನೆಯ ಗಾಳಿ ಏಳುತ್ತದೆ. ಹಿಂಗಾರಿನ ಬಿಳಿಜೋಳ ತೆನೆ ಕಟ್ಟುವುದು ಈ ಇಬ್ಬನಿಯಲ್ಲಿಯೇ. ಮಂಗಳವೇಢೆಯ ಜೋಳವೂ ಮೊಹೋಳದಲ್ಲಿ ಆಯ್ದು ಬೆಳೆಸಿದ ಮಾಲದಂಡಿ ತಳಿಯೂ ಈ ಚಳಿಯ ಮಕ್ಕಳು. ದೀಪಾವಳಿಯ ಅಮಾವಾಸ್ಯೆಗೆ ಹುಲಜಂತಿಯ ಮಹಾಲಿಂಗರಾಯನ ಜಾತ್ರೆ, ಮಾರ್ಗಶಿರ ಶುದ್ಧ ಷಷ್ಠಿಗೆ ಬಾಳೆಯ ಖಂಡೋಬನ ಚಂಪಾಷಷ್ಠಿ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ, ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರನ ನಂದಿಧ್ವಜಗಳು: ನಮ್ಮ ಚಳಿಗಾಲದ ಪಂಚಾಂಗವೆಂದರೆ ಇಷ್ಟು. ಇವುಗಳ ನಡುವೆ ಸೀತನಿಯ ತೆನೆ ಸುಡುವ ಬೆಂಕಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಇವನ್ನು ನಮ್ಮ ಓದುಗರಿಗೆ ವಿವರಿಸಬೇಕಾದುದಿಲ್ಲ.

ವಿವರಿಸಬೇಕಾದುದು ಕಂಬಳಿಯನ್ನು. ಏಕೆಂದರೆ ಅದು ಮನೆಗಳಿಂದ ಹೊರಟುಹೋಗುತ್ತಿದೆ. ಕಂಬಳಿ, ಉಣ್ಣೆ ಎಂಬೆರಡು ಮಾತುಗಳೂ ಸಂಸ್ಕೃತದ ಕಂಬಲ, ಊರ್ಣಾ ಎಂಬ ಪದಗಳ ಬಳಗದವು. ಕುರಿ, ಕುರುಬ, ಹಟ್ಟಿ, ತುಪ್ಪಟ ಎಂಬಿವು ಅಚ್ಚಗನ್ನಡದವು. ಇನ್ನು ಗೊಂಗಡಿ ಎಂಬ ಮಾತು ಮೂರು ಭಾಷೆಗಳಲ್ಲಿ ಓಡಾಡುತ್ತದೆ. ತೆಲುಗರಿಗೆ ಅದು ಗೊಂಗಡಿ, ಮರಾಠಿಗರಿಗೆ ಘೋಂಗಡಿ. ವಾರಕರಿ ಸಂತರ ಅಭಂಗಗಳಲ್ಲಿಯೂ ಘೋಂಗಡಿ ಬಂದಿದೆ. ಪಂಢರಪುರದ ವಿಠ್ಠಲನ ಮೂಲವನ್ನು ದನ ಕುರಿ ಕಾಯುವವರ ನಡುವೆ ಹುಡುಕಿದ ರಾ. ಚಿಂ. ಢೇರೆಯವರ ಮರಾಠಿ ಗ್ರಂಥವನ್ನೂ, ಕನ್ನಡದವರೇ ಆದ ಶಂ. ಬಾ. ಜೋಶಿಯವರು 1952ರಲ್ಲಿ ಮರಾಠಿಯಲ್ಲಿ ಬರೆದ ‘ಮರ್ಹಾಟಿ ಸಂಸ್ಕೃತಿ’ಯನ್ನೂ ಬಲ್ಲವರಿಗೆ ಈ ಓಡಾಟ ಅಚ್ಚರಿಯೆನಿಸದು. ಕುರಿಗಳಿಗೆ ಗಡಿಯೆಂಬುದಿಲ್ಲ. ಹಿಂಡಿನ ಹಿಂದೆ ನಡೆದವನ ನಾಲಗೆಗೂ ಇರಲಿಲ್ಲ.

ದಖ್ಖನಿ ಕುರಿ ಬಹುಮಟ್ಟಿಗೆ ಕಪ್ಪು. ಅದರ ಉಣ್ಣೆ ಒರಟು, ಗಿಡ್ಡ. ವರ್ಷಕ್ಕೆ ಎರಡು ಬಾರಿ ಕತ್ತರಿಸಿದರೂ ಒಂದು ಕುರಿಯ ಉಣ್ಣೆ ಒಂದು ಕಿಲೋ ತುಂಬುವುದಿಲ್ಲ. ಒಂದು ಕಂಬಳಿಗೆ ಹಲವು ಕುರಿಗಳ ಮೈ ಬರಿದಾಗಬೇಕು. ಕತ್ತರಿಸಿದ ಉಣ್ಣೆಯನ್ನು ಕಸಕಡ್ಡಿ ಆಯ್ದು, ಹಿಂಜಿ, ನೂಲುವುದು ಹೆಂಗಸರ ಪಾಲಿನ ಕೆಲಸ. ಕದಿರು ಹಿಡಿದು ಬಿಸಿಲಿಗೆ ಬೆನ್ನು ಕೊಟ್ಟು ಕುಳಿತ ಅಜ್ಜಿಯರ ಸಾಲು ಒಂದು ಕಾಲಕ್ಕೆ ನಮ್ಮ ಹಳ್ಳಿಗಳ ಚಳಿಗಾಲದ ಮುಂಜಾವಿನ ನೋಟವಾಗಿತ್ತು. ನೂತ ನೂಲನ್ನು ಹಾಸಿಗೆ ಕಟ್ಟಿ, ಹುಣಸೆಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಕುಂಚದಿಂದ ಬಳಿಯುತ್ತಿದ್ದರು. ಆ ಗಂಜಿಯಿಂದಲೇ ಒರಟು ಎಳೆಗೆ ಮಗ್ಗದ ಸೆಳೆತವನ್ನು ತಾಳುವ ಬಿಗಿ ಬರುತ್ತಿತ್ತು. ಬಳಿಕ ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೇಯ್ಗೆ. ನೂಲುವ ಹೆಂಡತಿ, ನೇಯುವ ಗಂಡ, ಕಾಯುವ ಮಗ ಒಂದೇ ಮನೆಯಲ್ಲಿರುವುದುಂಟು. 1884ರ ಮುಂಬಯಿ ಪ್ರಾಂತದ ಸೊಲ್ಲಾಪುರ ಗೆಜೆಟಿಯರು ಧನಗರರನ್ನೂ, ಅವರಿಂದ ಬೇರೆಯಾಗಿ ‘ಸಂಗರ್’ ಎಂದು ಕರೆದ ಕಂಬಳಿ ನೇಕಾರರನ್ನೂ ಹೆಸರಿಸಿದೆ. ಆಂಗ್ಲ ಅಧಿಕಾರಿಯ ಜಾತಿಪಟ್ಟಿಯಲ್ಲಿ ಅವರಿಗೊಂದು ಸ್ಥಾನವಿದೆ. ಅವರ ಮಗ್ಗದ ಮಾತುಗಳಿಗೆ ಇಲ್ಲ.

ಹೊದಿಕೆಯೆಂದಷ್ಟೇ ಕಂಬಳಿಯನ್ನು ತಿಳಿದರೆ ಸಾಲದು. ಮಳೆಯಲ್ಲಿ ಅದನ್ನು ಮಡಿಚಿ ತಲೆಗೆ ಹಾಕಿಕೊಂಡರೆ ಕೊಪ್ಪೆ. ಒತ್ತಾಗಿ ನೇಯ್ದ ಉಣ್ಣೆಯಲ್ಲಿ ನೀರು ಬೇಗನೆ ಇಳಿಯದು. ಹೊಲದಲ್ಲಿ ಹಾಸಿದರೆ ಹಾಸಿಗೆ, ಹಸುಗೂಸನ್ನು ಮಲಗಿಸಿದರೆ ತೊಟ್ಟಿಲು. ಹಾಲುಮತದವರಲ್ಲಿ ಕಂಬಳಿಯನ್ನು ಹಾಸಿದರೆ ಅದು ಗದ್ದುಗೆಯೇ ಆಗುತ್ತದೆ. ಕುರುಬರೊಳಗಿನ ಎರಡು ಬಳಿಗಳನ್ನು ಉಣ್ಣೆಕಂಕಣ, ಹತ್ತಿಕಂಕಣ ಎಂದು ಕರೆಯುತ್ತಾರಷ್ಟೆ. ಮದುವೆಯಲ್ಲಿ ಮುಂಗೈಗೆ ಕಟ್ಟುವ ದಾರ ಉಣ್ಣೆಯದೋ ಹತ್ತಿಯದೋ ಎಂಬುದರಿಂದ ಒಂದು ಸಮುದಾಯ ತನ್ನ ಕವಲುಗಳನ್ನು ಗುರುತಿಸಿಕೊಂಡಿದೆ. ಶಾಸನವಿಲ್ಲದವರ ವಂಶಾವಳಿ ಇಂಥ ದಾರಗಳಲ್ಲಿಯೇ ಇರುತ್ತದೆಯೆಂದು ನಾವು ಭಾವಿಸುತ್ತೇವೆ.

ದೀಪಾವಳಿ ಮುಗಿದ ಮೇಲೆ ಹಿಂಡುಗಳು ಮೇವನ್ನರಸಿ ಹೊರಡುತ್ತವೆ. ಮುಂದೊಬ್ಬ ಹಿರಿಯ, ಹಿಂದೆ ಕುದುರೆ. ಕುದುರೆಯ ಬೆನ್ನಿನ ಮೇಲೆ ಪಾತ್ರೆಪಡಗ, ಕೌದಿ ಕಂಬಳಿ, ಈದು ಎರಡು ದಿನವಾಗಿರುವ ಕುರಿಮರಿ, ಅದರ ಮೇಲೆ ಕಾಲು ಕಟ್ಟಿದ ಒಂದೆರಡು ಕೋಳಿ, ಕೆಲವೊಮ್ಮೆ ಒಂದು ಮಗು. ಅಂದರೆ ಮನೆಯೇ ನಡೆಯುತ್ತಿದೆ. ಈ ನಡೆಯುವ ಮನೆಯ ಕಾವಲು ನಾಯಿಯದು. ರಾತ್ರಿ ಕುರಿಗಳನ್ನು ಬಲೆಯೊಳಗೆ ಕೂಡಿದ ಮೇಲೆ ತೋಳದ ಸುಳಿವು ಮೊದಲು ತಿಳಿಯುವುದು ಅದಕ್ಕೆ. ಕುರುಬನ ನಾಯಿಗಳಲ್ಲಿ ಎಲ್ಲವೂ ಹೆಸರುವಾಸಿ ತಳಿಯವಲ್ಲ. ಹೆಚ್ಚಿನವು ಸಾಮಾನ್ಯ ಊರನಾಯಿಗಳೇ. ಹೆಸರಾಂತ ಮುಧೋಳ ನಾಯಿ ನಮ್ಮಲ್ಲಿಗೂ ಹೊಸದಲ್ಲ. ಮಹಾರಾಷ್ಟ್ರದಲ್ಲಿ ಅದನ್ನೇ ಕಾರವಾನಿ ಎನ್ನುತ್ತಾರೆ. ಉದ್ದ ಕಾಲು, ಸಣ್ಣ ನಡು, ಮೈಮೇಲೆ ಗಿಡ್ಡ ಕೂದಲು. ಓಟಕ್ಕೆ ಹೇಳಿಮಾಡಿಸಿದ ಮೈ, ಚಳಿಗಲ್ಲ. 2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳಕ್ಕೆ ಸ್ಥಾನ ದೊರೆಯಿತು. ಹಿಂಡಿನ ಹಿಂದೆ ನಡೆದ ಊರನಾಯಿಗೆ ಚೀಟಿಯ ಗೌರವ ಸಿಕ್ಕಿಲ್ಲ, ದೇವರ ಗೌರವ ಮಾತ್ರ ಸಿಕ್ಕಿದೆ. ಮೈಲಾರ, ಖಂಡೋಬ, ಮಲ್ಲಣ್ಣ ಎಂದು ಮೂರು ಭಾಷೆಗಳಲ್ಲಿ ಕರೆಸಿಕೊಳ್ಳುವ ದೇವರ ಜೊತೆಗಾರ ನಾಯಿ. ಅವನ ಭಕ್ತರಾದ ಗೊರವರು ಕರಿಯ ಕಂಬಳಿ ತೊಟ್ಟು, ತಾವೇ ದೇವರ ನಾಯಿಗಳೆಂದು ಬಗೆದು ದೋಣಿಯಲ್ಲಿ ಸುರಿದ ಹಾಲನ್ನು ಬಾಗಿ ಸವಿಯುತ್ತಾರೆ. ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ಈ ದೇವರುಗಳ ಬೆನ್ನು ಹತ್ತಿ ವರ್ಷಗಟ್ಟಲೆ ಧನಗರರೊಡನೆ ಒಡನಾಡಿದರು. ಬಿರೋಬ, ಮ್ಹಸ್ಕೋಬ, ಖಂಡೋಬರನ್ನು ಕುರಿತ ಅವರ ಗ್ರಂಥ 1976ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಹೊರಗಿನವರೊಬ್ಬರು ಇಷ್ಟು ಶ್ರಮಪಟ್ಟು ಕೇಳಿದ ಹಾಡು ಕಥೆಗಳನ್ನು ನಾವು ನಮ್ಮ ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟದ್ದು ಕಡಿಮೆ.

ಕೋಳಿಯ ವಿಷಯಕ್ಕೆ ಬಂದರೆ ಚರಿತ್ರೆ ಇನ್ನೂ ಮೌನವಾಗುತ್ತದೆ. ಎಲ್ಲ ಕನ್ನಡಿಗರ ಮನೆಗಳಲ್ಲೂ ಕೋಳಿ ಇರಲಿಲ್ಲ. ಲಿಂಗಾಯತರ ಓಣಿಯಲ್ಲಿ ಎಮ್ಮೆ ಆಕಳು, ಪಕ್ಕದ ಕುರುಬರ, ಮುಸಲ್ಮಾನರ, ದಲಿತರ ಕೇರಿಗಳಲ್ಲಿ ಕೋಳಿಗೂಡು. ಚಳಿಗಾಲದ ನಸುಕಿನಲ್ಲಿ ಹುಂಜದ ಕೂಗು ಮಾತ್ರ ಓಣಿಗಳ ಗಡಿಯನ್ನು ಮೀರಿ ಎಲ್ಲರನ್ನೂ ಎಬ್ಬಿಸುತ್ತಿತ್ತು. ಕಾವಿಗೆ ಹೇಂಟೆಯನ್ನು ಕೂರಿಸಲು ಈ ತಂಪು ದಿನಗಳೇ ಹಿತ, ಏಕೆಂದರೆ ಬೇಸಗೆಯ ಸೆಕೆಯಲ್ಲಿ ಮೊಟ್ಟೆ ಬೇಗ ಕೆಡುತ್ತದೆ. ಬುಟ್ಟಿಯಲ್ಲಿ ಹೊಟ್ಟು ಹರಡಿ, ಬೆಳಕಿಗೆ ಹಿಡಿದು ನೋಡಿ ಆರಿಸಿದ ಮೊಟ್ಟೆಗಳನ್ನಿಟ್ಟು, ಹೇಂಟೆಯನ್ನು ಕೂರಿಸಿ, 21 ದಿನ ಎಣಿಸುವವಳು ಮನೆಯ ಹಿರಿಯ ಹೆಂಗಸು. ಮರಿ ಒಡೆದು ಬಂದ ಮೇಲೆ ಹದ್ದು, ಬೆಕ್ಕು, ಚಳಿ ಮೂರರಿಂದಲೂ ಕಾಯಬೇಕು. ರಾತ್ರಿ ಒಲೆಯ ಬಳಿ ಬುಟ್ಟಿ ಕವುಚಿ ಮೇಲೊಂದು ಹರಿದ ಕಂಬಳಿಯ ತುಂಡು. ಕೊಕ್ಕರೆ ರೋಗ ಬಂದರೆ ವಾರದೊಳಗೆ ಹಿತ್ತಲು ಬರಿದು.

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಹೊಲ ಗಂಡಸಿನ ಹೆಸರಿನಲ್ಲಿ, ಹಿಂಡು ಗಂಡಸಿನ ಹೆಸರಿನಲ್ಲಿ; ಕೋಳಿಮೊಟ್ಟೆಯ ದುಡ್ಡು ಮಾತ್ರ ಹೆಂಗಸಿನದು. ಸಂತೆಯಲ್ಲಿ ಹುಂಜ ಮಾರಿದ ಹಣದಲ್ಲಿ ಮಗಳಿಗೆ ಬಳೆ, ಮಗನಿಗೆ ಪಾಟಿ ಪುಸ್ತಕ ಬಂದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಆ ಪುಸ್ತಕ ಕನ್ನಡ ಶಾಲೆಯದಾಗಿದ್ದರೆ, ನಮ್ಮ ನುಡಿಯ ಉಳಿವಿನಲ್ಲಿ ಆ ಹುಂಜಕ್ಕೂ ಒಂದು ಪಾಲಿದೆ ಎನ್ನಬೇಕು. ಇದು ನಗೆಯ ಮಾತಲ್ಲ.

ಹೊದಿಕೆಯಲ್ಲಿ ಹೆಂಗಸರ ಮತ್ತೊಂದು ಕೈವಾಡ ಕೌದಿ. ಹಳೆಯ ಇಳಕಲ್ಲ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ, ಅಂಚಿನಿಂದ ಆರಂಭಿಸಿ ನಡುವಿನವರೆಗೆ ಸಾಲುಹೊಲಿಗೆ ಹಾಕುತ್ತ ಬರುವುದು. ಮರಾಠಿ ನೆರೆಯವರು ಇದನ್ನೇ ಗೋಧಡಿ ಎನ್ನುತ್ತಾರೆ. ಸತ್ತ ಅಜ್ಜಿಯ ಸೀರೆಯ ತುಂಡು ಮೊಮ್ಮಗನ ಕೌದಿಯಲ್ಲಿ ಹತ್ತಾರು ಚಳಿಗಾಲ ಬಾಳುತ್ತದೆ. ಕಂಬಳಿ ಚುಚ್ಚುತ್ತದೆ, ಕೌದಿ ಚುಚ್ಚದು. ಆದ್ದರಿಂದ ಮೈಗೆ ಕೌದಿ, ಅದರ ಮೇಲೆ ಕಂಬಳಿ. ಕೂಸಿನ ತಲೆ ಬೆನ್ನುಗಳಿಗೆ ಕುಂಚಿಗೆ.

ಈ ಕ್ರಮಕ್ಕೆ ಮೊದಲ ಪೆಟ್ಟು ಕೊಟ್ಟದ್ದು ಹತ್ತಿ. 1877ರಲ್ಲಿ ಸೊಲ್ಲಾಪುರದ ಮೊದಲ ಗಿರಣಿ ಕೆಲಸ ಆರಂಭಿಸಿತು. ತೆಲುಗು ನಾಡಿನಿಂದ ಬಂದ ಪದ್ಮಸಾಲಿ ನೇಕಾರರ ಕೈಯಲ್ಲಿ ನಗರದ ಜವಳಿ ಬೆಳೆದು, ಸೊಲ್ಲಾಪುರಿ ಚಾದರ ದೇಶದ ಮನೆಮನೆಗೂ ಹೋಯಿತು. ಬಣ್ಣಬಣ್ಣದ, ಮೃದುವಾದ, ಒಗೆದರೆ ಹಾಳಾಗದ ಚಾದರದ ಎದುರಿಗೆ ಕಂಬಳಿ ಹಳ್ಳಿಗನ ಗುರುತಾಗಿ ಹಿಂದೆ ಸರಿಯಿತು. ಚಾದರವನ್ನು ನಾವು ಹಳಿಯುತ್ತಿಲ್ಲ. ಎಷ್ಟೋ ಕನ್ನಡ ಕುಟುಂಬಗಳೂ ಆ ಗಿರಣಿಗಳ ಅನ್ನ ಉಂಡಿವೆ.

ಎರಡನೆಯದು ಸದ್ದಿಲ್ಲದೆ ಬಂದಿತು. ಶಾಲೆಯ ಕೈಗೆಲಸದ ತರಗತಿಯಲ್ಲಿ ಹೆಣ್ಣುಮಕ್ಕಳು ಎರಡು ಕಡ್ಡಿ ಹಿಡಿದು ಸ್ವೆಟರ್ ಹೆಣೆಯಲು ಕಲಿತರು. ನಮ್ಮ ತಾಯಂದಿರ ತಲೆಮಾರಿನಲ್ಲಿ, ಮದುವೆಯಾದ ಮೊದಲ ಚಳಿಗಾಲಕ್ಕೆ ಗಂಡನಿಗೊಂದು ಸ್ವೆಟರ್, ಹುಟ್ಟಲಿರುವ ಕೂಸಿಗೆ ಟೊಪ್ಪಿಗೆ ಕಾಲುಚೀಲ ಹೆಣೆಯುವುದು ಕಲಿತ ಹೆಣ್ಣಿನ ಲಕ್ಷಣವೆನಿಸಿತು. ಅದೂ ಸುಂದರವಾದ ಕಲೆಯೇ. ಆದರೆ ನಮ್ಮ ಕುರಿಯ ಒರಟು ಉಣ್ಣೆ ಆ ಕಡ್ಡಿಗಳಿಗೆ ಒಗ್ಗುವಂಥದಲ್ಲ. ಹೆಣಿಗೆಯ ನೂಲು ಪೇಟೆಯಿಂದ ಬಂದಿತು: ಮೊದಮೊದಲು ಬೇರೆ ಸೀಮೆಯ ನಯವಾದ ಉಣ್ಣೆ, ಆಮೇಲೆ ಕುರಿಯನ್ನೇ ಕಾಣದ ಅಕ್ರಿಲಿಕ್. ಅಜ್ಜಿ ಕದಿರು ಹಿಡಿದಾಗ ಆ ಎಳೆ ಯಾವ ಕುರಿಯದೆಂದು ಹೆಸರಿಟ್ಟು ಹೇಳಬಲ್ಲವಳಾಗಿದ್ದಳು. ತಾಯಿ ಕಡ್ಡಿ ಹಿಡಿದಾಗ ಅಂಗಳದ ಕುರಿಗೂ ಮಡಿಲಿನ ಉಣ್ಣೆಗೂ ಸಂಬಂಧ ಕಡಿದಿತ್ತು. ಒಂದೇ ಮನೆಯಲ್ಲಿ, ಒಂದೇ ತಲೆಮಾರಿನ ಅಂತರದಲ್ಲಿ ನಡೆದ ಈ ಮಾರ್ಪಾಡು ಯಾವ ವರದಿಯಲ್ಲಿಯೂ ದಾಖಲಾಗಲಿಲ್ಲ. ನಮ್ಮ ದೃಷ್ಟಿಯಲ್ಲಿ ಅದು ಗಿರಣಿಯ ಆರಂಭಕ್ಕಿಂತ ಸಣ್ಣ ಘಟನೆಯಲ್ಲ.

ಉಣ್ಣೆಯನ್ನು ನಯಗೊಳಿಸುವ ಪ್ರಯತ್ನಗಳೂ ನಡೆಯದೆ ಇರಲಿಲ್ಲ. ರಾಹುರಿಯ ಕೃಷಿ ವಿದ್ಯಾಪೀಠದಲ್ಲಿ ದಖ್ಖನಿ ಕುರಿಗೆ ಮೆರಿನೊ, ರಾಂಬುಲೆ ತಳಿಗಳ ಸಂಕರವನ್ನು ಮಾಡಿ ನೋಡಿದರು. ಆದರೆ ಬಯಲಿನ ಕುರಿಗಾರನಿಗೆ ಬೇಕಾದುದು ದಿನವಿಡೀ ನಡೆಯುವ ಕಾಲು, ಬರವನ್ನು ತಾಳುವ ಒಡಲು. ನಯವಾದ ಉಣ್ಣೆಗೆ ಅವನ ಪಟ್ಟಿಯಲ್ಲಿ ಕೊನೆಯ ಸ್ಥಾನ. ಅವನು ತನ್ನ ದಾರಿಯನ್ನು ತಾನೇ ಕಂಡುಕೊಂಡನು. ಜತ್ತ ತಾಲೂಕಿನ ಮಾಡಗ್ಯಾಳ ಎಂಬ ನಮ್ಮದೇ ಊರಿನ ಹೆಸರು ಹೊತ್ತ ಕುರಿ ಇಂದು ದೂರದ ಸಂತೆಗಳಲ್ಲಿಯೂ ಬೆಲೆಬಾಳುತ್ತದೆ. ಎತ್ತರದ ನಿಲುವು, ಬಿಳಿಯ ಮೈಮೇಲೆ ಕಂದು ಮಚ್ಚೆ, ಗಿಳಿಯಂತೆ ಬಾಗಿದ ಮೂಗು, ಬೇಗ ಬೆಳೆಯುವ ಮರಿ. ಅದರ ಬೆಲೆಯೆಲ್ಲ ಮಾಂಸದ್ದು, ತಳಿಯದ್ದು. ಮೈಯಲ್ಲಿ ಉಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ಆಂಧ್ರ, ತೆಲಂಗಾಣಗಳ ಕಡೆ ನೆಲ್ಲೂರು ಕುರಿ ಬಂದು ಕರಿಯ ಕುರಿಯ ಸ್ಥಾನವನ್ನು ಹಿಡಿದದ್ದೂ ಇದೇ ಕಾರಣಕ್ಕೆ. ದಖ್ಖನಿ ಕುರಿಯನ್ನು ಉಳಿಸಿಕೊಂಡವರಿಗೂ ಕತ್ತರಿ ಹಾಕುವವನ ಕೂಲಿ ಉಣ್ಣೆಯ ಬೆಲೆಗಿಂತ ಹೆಚ್ಚಾಗಿ, ಕತ್ತರಿಸಿದ ಉಣ್ಣೆ ಹೊಲದ ಬದುವಿನಲ್ಲಿಯೇ ಬಿದ್ದಿರುವುದುಂಟು. ಕುರುಬನನ್ನು ದೂರುವ ಹಕ್ಕು ಚಾದರ ಹೊದ್ದು ಮಲಗುವ ನಮಗಿಲ್ಲ.

ಮಗ್ಗದ ಗುಂಡಿ ಮುಚ್ಚಿದ ಮನೆಗಳಲ್ಲಿ ಕದಿರು, ಹಿಂಜು, ಹಾಸು, ಹುಣಸೆಗಂಜಿ ಎಂಬ ಮಾತುಗಳು ಈಗ ಎಂಬತ್ತು ದಾಟಿದವರ ನೆನಪಿನಲ್ಲಿ ಮಾತ್ರ ಉಳಿದಿವೆ. ಆ ಮೊಮ್ಮಕ್ಕಳಲ್ಲಿ ಹಲವರು ಮರಾಠಿ ಶಾಲೆಗಳಲ್ಲಿ ಓದುತ್ತಾರೆ. ಅವರಿಗೆ ಈ ಮಾತುಗಳು ಮರಾಠಿಯಲ್ಲಿಯೂ ತಿಳಿಯವು. ಸಂಘದ ಕುಟುಂಬಗಳಲ್ಲಿ ಇಂಥ ಹಿರಿಯರಿದ್ದರೆ, ಈ ಚಳಿಗಾಲದಲ್ಲಿಯೇ ಅವರ ಬಳಿ ಕುಳಿತು, ಕುರಿಯ ಬಣ್ಣಗಳ ಹೆಸರು, ನೂಲುವ ಹಂತಗಳ ಹೆಸರು, ಕೌದಿಯ ಹೊಲಿಗೆಗಳ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ದೀಪಾವಳಿಯ ಅಮಾವಾಸ್ಯೆಗೆ ಹುಲಜಂತಿಯಲ್ಲಿ ಮೂರು ನಾಡುಗಳ ಪಲ್ಲಕ್ಕಿಗಳು ಕೂಡುತ್ತವೆ. ಮಹಾಲಿಂಗರಾಯನ ಗುಡಿಯ ಶಿಖರಕ್ಕೆ ಶಿವನೇ ಬಂದು ಮುಂಡಾಸು ಸುತ್ತುತ್ತಾನೆಂಬುದು ಅಲ್ಲಿಯ ನಂಬಿಕೆ. ಪಲ್ಲಕ್ಕಿಗಳ ಭೇಟಿಯ ಹೊತ್ತಿಗೆ ಜನ ಭಂಡಾರ, ಕೊಬ್ಬರಿ, ಉತ್ತತ್ತಿಗಳೊಡನೆ ಉಣ್ಣೆಯನ್ನೂ ತೂರುತ್ತಾರೆ. ಅರಿಸಿನದ ಹಳದಿ ಮೋಡದೊಳಗೆ ಕರಿಯ ಎಳೆಗಳು ಹಾರಿ, ಹೆಗಲ ಮೇಲೂ ಮುಂಡಾಸಿನ ಮೇಲೂ ಇಳಿಯುತ್ತವೆ. ಅಷ್ಟರಮಟ್ಟಿಗೆ ಇನ್ನೂ ಯಾರೋ ಕರಿಯ ಕುರಿಯನ್ನು ಸಾಕುತ್ತಿದ್ದಾರೆ, ಕತ್ತರಿಸುತ್ತಿದ್ದಾರೆ.